ಕುದುರೆಯಿಂದ ಮೋಟಾರು ವಾಹನದವರೆಗೆ: ಸವಾರಿಯೂ ಲೆಕ್ಕಪುಸ್ತಕವೂ

ಕನ್ನಡದಲ್ಲಿ ‘ಸವಾರಿ’ ಎಂಬ ಒಂದೇ ಪದವು ಹಲವು ಬಗೆಯ ಪ್ರಯಾಣಗಳಿಗೆ ಸಲ್ಲುತ್ತದೆ. ಕುದುರೆಯ ಬೆನ್ನೇರಿದವನು ಸವಾರ. ಸ್ಕೂಟರಿನ ಹಿಂದೆ ಕುಳಿತವನು ಹಿಂಬದಿ ಸವಾರ. ಮೈಸೂರಿನ ವಿಜಯದಶಮಿಯ ಮೆರವಣಿಗೆ ಜಂಬೂ ಸವಾರಿ. ಕ್ರಿಯಾಪದಗಳು ಮಾತ್ರ ವ್ಯತ್ಯಾಸವನ್ನು ಕಾಯ್ದುಕೊಂಡಿವೆ: ಕುದುರೆಯನ್ನು ಏರುತ್ತಾರೆ, ಎತ್ತಿನ ಗಾಡಿಯನ್ನು ಹೊಡೆಯುತ್ತಾರೆ, ಸೈಕಲನ್ನು ತುಳಿಯುತ್ತಾರೆ, ಕಾರನ್ನು ಓಡಿಸುತ್ತಾರೆ. ಕಾನೂನು ಮತ್ತು ಲೆಕ್ಕಶಾಸ್ತ್ರಗಳೂ ಈ ಕ್ರಿಯಾಪದಗಳಂತೆಯೇ ಒಂದೊಂದು ಸವಾರಿಯನ್ನು ಒಂದೊಂದು ಬಗೆಯಲ್ಲಿ ನೋಡುತ್ತವೆ. ರಾಜಾಜಿನಗರ, ಕಾಮಾಕ್ಷಿಪಾಳ್ಯ, ವಿಜಯನಗರ, ಕೆಂಗೇರಿಗಳ ವರ್ತಕರೂ ಸಣ್ಣ ಕೈಗಾರಿಕೋದ್ಯಮಿಗಳೂ ದಿನವೂ ಹತ್ತಾರು ಸವಾರಿಗಳನ್ನು ತಮ್ಮ ಹೆಸರಿನಲ್ಲಿ ರಸ್ತೆಗೆ ಬಿಡುತ್ತಾರೆ. ಅವುಗಳಲ್ಲಿ ಯಾವುದು ಯಾವ ವರ್ಗಕ್ಕೆ ಸೇರುತ್ತದೆ ಎಂಬುದನ್ನು ವಿಚಾರಿಸುವವರು ವಿರಳ. ವರ್ಗ ತಪ್ಪಿದರೆ ತೆರಿಗೆಯಲ್ಲಿ ಆಗುವ ನಷ್ಟ ಕೆಲವು ಸಾವಿರ ರೂಪಾಯಿಗಳದ್ದಾಗಿರಬಹುದು. ಅಪಘಾತದ ಪರಿಹಾರದಲ್ಲಿ ಆಗುವ ನಷ್ಟಕ್ಕೆ ಇಡೀ ಘಟಕವೇ ಸಾಲದೆ ಹೋಗಬಹುದು.

ಮೊದಲು ಕುದುರೆಯ ಮಾತು. ಬೆಂಗಳೂರಿನ ಪಶ್ಚಿಮಕ್ಕೆ ತುಮಕೂರು ಜಿಲ್ಲೆಯಲ್ಲಿರುವ ಕುಣಿಗಲ್ ಕುದುರೆ ಫಾರಂ ಟಿಪ್ಪು ಸುಲ್ತಾನನ ಸೈನ್ಯದ ಕುದುರೆಗಳ ಕಾಲದಿಂದ ಹೆಸರಾದುದು. ಮೈಸೂರು ಸಂಸ್ಥಾನದ ಅಶ್ವದಳವು 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಕಾಳಗದಲ್ಲಿ ಭಾಗವಹಿಸಿದ್ದು ಈ ನಾಡಿನ ಕುದುರೆ ಸವಾರಿಯ ಇತಿಹಾಸದಲ್ಲಿ ದೊಡ್ಡ ಘಟನೆ. ಆದರೆ ವ್ಯಾಪಾರಿಗೆ ಕುದುರೆ ಎಂದೂ ಅಗ್ಗದ ವಾಹನವಾಗಿರಲಿಲ್ಲ. ಕುದುರೆಗೆ ಹುರುಳಿ ಬೇಕು, ಲಾಳ ಬೇಕು, ಲಾಯ ಬೇಕು, ನೋಡಿಕೊಳ್ಳುವ ಆಳು ಬೇಕು. ನಿಂತಿದ್ದರೂ ಅದರ ಖರ್ಚು ನಿಲ್ಲುವುದಿಲ್ಲ. ಆದುದರಿಂದಲೇ ಸರಕು ಸಾಗಿದ್ದು ಹೇರೆತ್ತು ಮತ್ತು ಎತ್ತಿನ ಗಾಡಿಗಳ ಮೇಲೆ. ಅಕ್ಕಿಪೇಟೆ, ತರಗುಪೇಟೆಗಳಿಗೆ ಮಾಗಡಿ ಮತ್ತು ಮೈಸೂರು ರಸ್ತೆಗಳಿಂದ ಗಾಡಿಗಳ ಸಾಲು ಬರುತ್ತಿತ್ತು.

ಕುದುರೆ ರಸ್ತೆಯಿಂದ ಮರೆಯಾದರೂ ಕಾರ್ಖಾನೆಯಿಂದ ಹೊರಟುಹೋಗಿಲ್ಲ ಎಂಬುದು ಸ್ವಾರಸ್ಯದ ಸಂಗತಿ. ಉಗಿಯಂತ್ರವನ್ನು ಕುದುರೆಯ ಜಾಗದಲ್ಲಿ ಮಾರಬೇಕಾಗಿದ್ದ ಜೇಮ್ಸ್ ವಾಟ್, ಒಂದು ಕುದುರೆ ಒಂದು ನಿಮಿಷದಲ್ಲಿ ಮಾಡುವ ಕೆಲಸವನ್ನು 33,000 ಅಡಿ-ಪೌಂಡುಗಳೆಂದು ನಿಗದಿಗೊಳಿಸಿದನು. ಇಂದಿನ ಅಳತೆಯಲ್ಲಿ ಅದು ಸುಮಾರು 746 ವ್ಯಾಟ್. ಇದೊಂದು ವ್ಯಾಪಾರಿ ಲೆಕ್ಕವೇ ಹೌದು; ಗಿರಾಕಿಗೆ ತನ್ನ ಯಂತ್ರ ಎಷ್ಟು ಕುದುರೆಗಳ ಮೇವನ್ನು ಉಳಿಸುತ್ತದೆ ಎಂದು ತೋರಿಸಲು ಹುಟ್ಟಿದ ಮಾನ. ಲೇತಿಗೆ ಐದು ಎಚ್.ಪಿ. ಮೋಟಾರು ಹಾಕಿಸಿ, ವಿದ್ಯುತ್ ಮಂಜೂರಾತಿಯನ್ನು ಎಚ್.ಪಿ. ಲೆಕ್ಕದಲ್ಲಿ ಪಡೆದ ಕಾಮಾಕ್ಷಿಪಾಳ್ಯದ ಉದ್ಯಮಿ ಐದು ಕುದುರೆಗಳಿಗೆ ಲಾಯ ಕಟ್ಟಿದಂತೆಯೇ ಸರಿ. ಇದೇ ಅಳತೆಗೋಲಿನಿಂದ ಮುಂದಿನ ಸವಾರಿಗಳನ್ನೂ ಅಳೆಯಬಹುದು. ಸೈಕಲ್ ತುಳಿಯುವ ಸಾಮಾನ್ಯ ಮನುಷ್ಯ ದೀರ್ಘಕಾಲ ನೀಡಬಲ್ಲ ಶಕ್ತಿ ಒಂದು ಕುದುರೆಯ ಹತ್ತನೆಯ ಒಂದು ಭಾಗದ ಆಸುಪಾಸು. 100 ಸಿ.ಸಿ. ಮೋಟಾರ್ ಸೈಕಲ್ಲಿನದು ಏಳೆಂಟು ಕುದುರೆ. ನೋಂದಣಿ ಬೇಡದ ವಿದ್ಯುತ್ ಸೈಕಲ್ಲಿನದು ಕುದುರೆಯ ಮೂರನೆಯ ಒಂದು ಭಾಗ. ಈ ಕಡೆಯ ಅಂಕಿಗೆ ಕಾನೂನಿನಲ್ಲಿ ವಿಶೇಷ ಮಹತ್ತ್ವವಿದ್ದು, ಅದನ್ನು ಮುಂದೆ ವಿವರಿಸಲಾಗಿದೆ.

ಲೆಕ್ಕಪುಸ್ತಕದಲ್ಲಿ ಕುದುರೆಯ ಸ್ಥಾನ ವಿಚಿತ್ರವಾದುದು. 1961ರ ಆದಾಯ ತೆರಿಗೆ ಕಾಯಿದೆಯ 43(3)ನೆಯ ಕಲಂ ‘ಯಂತ್ರಸ್ಥಾವರ’ ಎಂಬುದರಲ್ಲಿ ಹಡಗು, ವಾಹನ, ಪುಸ್ತಕಗಳನ್ನೂ ಸೇರಿಸಿ, ಜಾನುವಾರುಗಳನ್ನು ಮಾತ್ರ ಸ್ಪಷ್ಟವಾಗಿ ಹೊರಗಿಟ್ಟಿತು. ಆದುದರಿಂದ ವ್ಯವಹಾರಕ್ಕೆಂದು ಸಾಕಿದ ಕುದುರೆ ಅಥವಾ ಎತ್ತಿಗೆ ವರ್ಷವರ್ಷವೂ ಸವಕಳಿ ಇಲ್ಲ. ಆ ಪ್ರಾಣಿ ಸತ್ತಾಗ ಅಥವಾ ಕೆಲಸಕ್ಕೆ ಶಾಶ್ವತವಾಗಿ ಬಾರದಂತಾದಾಗ, ಕೊಂಡ ಬೆಲೆಯಲ್ಲಿ ಮಾರಾಟದಿಂದ ಬಂದುದನ್ನು ಕಳೆದು ಉಳಿದ ಮೊತ್ತವನ್ನು 36(1)(6)ನೆಯ ಕಲಂ ಪ್ರಕಾರ ಒಂದೇ ಬಾರಿಗೆ ಖರ್ಚೆಂದು ತೋರಿಸಬಹುದು. ಯಂತ್ರ ಪ್ರತಿವರ್ಷ ಸ್ವಲ್ಪ ಸ್ವಲ್ಪವಾಗಿ ಸಾಯುತ್ತದೆ, ಕುದುರೆ ಒಮ್ಮೆಲೇ ಸಾಯುತ್ತದೆ ಎಂಬುದು ಶಾಸನಕರ್ತರ ಎಣಿಕೆಯಾಗಿರಬೇಕು. 2017ರ ಜುಲೈನಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಜೀವಂತ ಕುದುರೆಗೆ ಶೇ. 12 ತೆರಿಗೆ ಬಿದ್ದಿತು. ಕತ್ತೆಗೆ ಮಾತ್ರ ಸಂಪೂರ್ಣ ವಿನಾಯಿತಿ ದೊರೆಯಿತು. ಸವಾರಿಗೂ ಹೊರೆಗೂ ಕಾನೂನು ಮಾಡುವ ಭೇದಕ್ಕೆ ಇದಕ್ಕಿಂತ ಸರಳವಾದ ಉದಾಹರಣೆ ಸಿಕ್ಕುವುದು ಕಷ್ಟ.

ಜಟಕಾ, ಸೈಕಲ್ಲು ಮತ್ತು ಹೊಸ ಬಡಾವಣೆ

ಕುದುರೆಯನ್ನು ಸಾಮಾನ್ಯ ಜನರ ಕೈಗೆಟುಕುವಂತೆ ಮಾಡಿದ್ದು ಜಟಕಾ. ತನ್ನದೇ ಕುದುರೆ ಇಲ್ಲದವನು ಬಾಡಿಗೆ ಕೊಟ್ಟು ಕುದುರೆಯ ವೇಗವನ್ನು ಪಡೆದನು. 1881-82ರ ಹೊತ್ತಿಗೆ ಬೆಂಗಳೂರು-ಮೈಸೂರು ಮೀಟರ್ ಗೇಜ್ ರೈಲು ಓಡತೊಡಗಿ ಕೆಂಗೇರಿಯಂತಹ ಊರುಗಳು ನಗರಕ್ಕೆ ಹತ್ತಿರವಾದವು. ರೈಲು ನಿಲ್ದಾಣದಿಂದ ಮನೆ ಅಥವಾ ಮಂಡಿ ತಲುಪಲು ಮತ್ತೆ ಜಟಕಾವೇ ಬೇಕಾಗುತ್ತಿತ್ತು. 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಬಸ್ಸುಗಳನ್ನು ಬಿಟ್ಟಿತು. 1956ರಲ್ಲಿ ಅದು ರಾಷ್ಟ್ರೀಕರಣಗೊಂಡು ಬಿ.ಟಿ.ಎಸ್. ಎನಿಸಿತು. 1950ರ ದಶಕದಿಂದ ಆಟೋರಿಕ್ಷಾಗಳು ಬಂದ ಮೇಲೆ ಜಟಕಾಗಳು ಒಂದೊಂದಾಗಿ ಕಣ್ಮರೆಯಾದವು.

1949ರಲ್ಲಿ ಆರಂಭವಾಗಿ ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರ ಹೆಸರನ್ನು ಪಡೆದ ರಾಜಾಜಿನಗರ ಬಡಾವಣೆ, ಮತ್ತು ಅದರೊಡನೆ ಬೆಳೆದ ಕೈಗಾರಿಕಾ ಉಪನಗರ, ನಿಜವಾದ ಅರ್ಥದಲ್ಲಿ ಸೈಕಲ್ಲಿನ ಮೇಲೆ ನಿಂತವು. 1957ರಲ್ಲಿ ಮೈಸೂರು ಸ್ಯಾಂಡಲ್ ಸಾಬೂನಿನ ಕಾರ್ಖಾನೆ ಈ ಕಡೆಗೆ ಬಂದಿತು. ಸುತ್ತಲೂ ಸಣ್ಣ ಘಟಕಗಳು ತಲೆಯೆತ್ತಿದವು. ಪಾಳಿ ಮುಗಿದ ಗಂಟೆಗೆ ಗೇಟುಗಳಿಂದ ಹೊರಬರುತ್ತಿದ್ದುದು ಸೈಕಲ್ಲುಗಳ ಹೊಳೆ. ದೀಪವಿಲ್ಲದ ಸೈಕಲ್ಲಿಗೆ ಪೊಲೀಸರ ಕಾಟ, ‘ಡಬಲ್ಸ್’ ಹೋದವನಿಗೆ ದಂಡ, ಪುರಸಭೆಯ ಪರವಾನಗಿಯ ಹಿತ್ತಾಳೆ ಬಿಲ್ಲೆ ಇವೆಲ್ಲ ಹಿರಿಯ ವರ್ತಕರಿಗೆ ನೆನಪಿರುವ ಸಂಗತಿಗಳು. ಇಂದು ಮೋಟಾರು ವಾಹನಕ್ಕಿರುವ ನಿಯಮಗಳೆಲ್ಲವೂ ಚಿಕ್ಕ ಪ್ರಮಾಣದಲ್ಲಿ ಅಂದೇ ಸೈಕಲ್ಲಿಗೆ ಇದ್ದವು ಎನ್ನಬಹುದು, ಇರಲಿಲ್ಲದ್ದು ವಿಮೆಯೊಂದೇ.

ಎಂಜಿನ್ನಿನ ಸವಾರಿ ಈ ಭಾಗಕ್ಕೆ ದ್ವಿಚಕ್ರದ ಮೂಲಕ ಬಂದಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಮೋಟಾರ್ ಸೈಕಲ್ಲುಗಳನ್ನು ತಯಾರಿಸಿತು. 1973ರಿಂದ ಅವುಗಳ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಬಜಾಜ್ ಚೇತಕ್ ಸ್ಕೂಟರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯುವ ಕಾಲವೂ ಇತ್ತು. ಆ ಸ್ಕೂಟರಿಗೆ ರಾಣಾ ಪ್ರತಾಪನ ಕುದುರೆಯ ಹೆಸರನ್ನಿಟ್ಟದ್ದು ಆಕಸ್ಮಿಕವಲ್ಲ. ಗಿರಾಕಿಯ ಮನಸ್ಸಿನಲ್ಲಿ ಸವಾರಿ ಎಂದರೆ ಇನ್ನೂ ಕುದುರೆಯೇ ಆಗಿತ್ತು. ಆದರೂ ವರ್ತಕನ ನಿಜವಾದ ವಾಹನ 1980ರಲ್ಲಿ ಹೊಸೂರಿನಿಂದ ಬಂದ ಟಿ.ವಿ.ಎಸ್. 50 ಮೊಪೆಡ್ ಮತ್ತು ಅದರ ಮುಂದಿನ ಎಕ್ಸ್.ಎಲ್. ಮಾದರಿಗಳು. ಮುಂದೆ ಕಾಲಿಡುವ ಜಾಗದಲ್ಲಿ ಒಂದು ಮೂಟೆ, ಹಿಂದೆ ಎರಡು ಡಬ್ಬ, ನಡುವೆ ಸವಾರ ಎಂಬುದು ಇಂದಿಗೂ ಮಾಗಡಿ ರಸ್ತೆಯ ನಿತ್ಯದ ನೋಟ. ನೋಂದಣಿ ಪುಸ್ತಕದ ಪ್ರಕಾರ ಆ ಗಾಡಿ ಜನರು ಕೂರುವ ವಾಹನ. ಅಂಗಡಿಯ ಪ್ರಕಾರ ಅದು ಸರಕಿನ ಗಾಡಿ. ತೆರಿಗೆಯ ತೊಡಕು ಹುಟ್ಟುವುದು ಇಲ್ಲಿಯೇ.

ಯಾವುದು ಮೋಟಾರು ವಾಹನ?

1988ರ ಮೋಟಾರು ವಾಹನ ಕಾಯಿದೆಯ 2(28)ನೆಯ ಕಲಂ ‘ಮೋಟಾರು ವಾಹನ’ವನ್ನು ವ್ಯಾಖ್ಯಾನಿಸುತ್ತದೆ. ಹಳಿಯ ಮೇಲೆ ಓಡುವ ವಾಹನ, ಕಾರ್ಖಾನೆಯ ಅಥವಾ ಬೇರೆ ಆವರಣದ ಒಳಗೆ ಮಾತ್ರ ಬಳಸಲು ರಚಿಸಿದ ವಿಶೇಷ ವಾಹನ, ನಾಲ್ಕಕ್ಕಿಂತ ಕಡಿಮೆ ಚಕ್ರವಿದ್ದು 25 ಸಿ.ಸಿ. ಮೀರದ ಎಂಜಿನ್ನುಳ್ಳ ವಾಹನ ಇವು ಮೂರೂ ವ್ಯಾಖ್ಯಾನದ ಹೊರಗೆ. ಕುದುರೆ, ಜಟಕಾ, ಸೈಕಲ್ಲುಗಳಿಗೆ ಯಾಂತ್ರಿಕ ಶಕ್ತಿಯೇ ಇಲ್ಲವಾದುದರಿಂದ ಅವು ಒಳಗೆ ಬರುವುದೇ ಇಲ್ಲ. ಮೊಪೆಡ್ ಎಷ್ಟು ಚಿಕ್ಕದಾಗಿ ಕಂಡರೂ ಅದರ ಎಂಜಿನ್ 50 ಸಿ.ಸಿ.ಯ ಸಮೀಪದ್ದು ಅಥವಾ ಅದಕ್ಕೂ ದೊಡ್ಡದು. ಆದುದರಿಂದ ಅದು ಕಾರಿನಷ್ಟೇ ಪೂರ್ಣವಾದ ಮೋಟಾರು ವಾಹನ.

ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆ ಇದೇ ವ್ಯಾಖ್ಯಾನವನ್ನು ಎರವಲು ಪಡೆದಿದೆ. 2019ರ ಫೆಬ್ರವರಿ 1ರಿಂದ ತಿದ್ದುಪಡಿಯಾದ ಅದರ 17(5)ನೆಯ ಕಲಂ ಪ್ರಕಾರ, ಚಾಲಕನೂ ಸೇರಿ 13 ಜನರವರೆಗೆ ಕೂರಬಹುದಾದ, ಜನರನ್ನು ಸಾಗಿಸುವ ಮೋಟಾರು ವಾಹನದ ಮೇಲೆ ಕೊಟ್ಟ ತೆರಿಗೆಗೆ ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲ. ವಾಹನಗಳನ್ನೇ ಮಾರುವವರು, ಪ್ರಯಾಣಿಕರನ್ನು ಸಾಗಿಸುವ ವೃತ್ತಿಯವರು, ಚಾಲನೆ ಕಲಿಸುವ ಶಾಲೆಯವರು ಇದಕ್ಕೆ ಅಪವಾದ. ಜಮೆ ಇಲ್ಲದ ವಾಹನದ ವಿಮೆ ಮತ್ತು ದುರಸ್ತಿಗೆ ಕೊಟ್ಟ ತೆರಿಗೆಗೂ ಜಮೆಯಿಲ್ಲ. ಸರಕು ಸಾಗಿಸುವ ಮೂರು ಚಕ್ರದ ಅಥವಾ ನಾಲ್ಕು ಚಕ್ರದ ಗಾಡಿಗೆ, ಕಾರ್ಖಾನೆಯೊಳಗಿನ ಫೋರ್ಕ್‌ಲಿಫ್ಟಿಗೆ, ಕೆಲಸಗಾರರಿಗೆಂದು ಕೊಂಡ ಸಾದಾ ಸೈಕಲ್ಲಿಗೆ ಈ ತಡೆ ಅನ್ವಯಿಸುವುದಿಲ್ಲ. ಮೂಟೆ ಹೊರುವ ಮೊಪೆಡ್ಡಿಗೆ ಜಮೆ ಕೇಳಬಹುದೆಂದು ವಾದಿಸುವವರಿದ್ದಾರೆ. ಆದರೆ ನೋಂದಣಿ ಪುಸ್ತಕದಲ್ಲಿ ಆಸನಗಳ ಸಂಖ್ಯೆ ಎರಡು ಎಂದಿರುವಾಗ ಆ ವಾದದ ಮೇಲೆ ಭರವಸೆಯಿಟ್ಟು, ಮುಂದೆ ಬಡ್ಡಿ ಸಹಿತ ಹಿಂದಿರುಗಿಸುವುದಕ್ಕಿಂತ ಕೇಳದಿರುವುದೇ ಕ್ಷೇಮ.

ಒಂದು ಊಹೆಯ ಲೆಕ್ಕವನ್ನು ನೋಡಬಹುದು. 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ದ್ವಿಚಕ್ರ ವಾಹನಗಳ ತೆರಿಗೆ ಶೇ. 28ರಿಂದ 18ಕ್ಕೆ ಇಳಿದಿದೆ; ವಿದ್ಯುತ್ ವಾಹನಗಳಿಗೆ ಶೇ. 5 ಇದೆ. ಒಂದು ಲಕ್ಷ ರೂ. ಬೆಲೆಯ ಪೆಟ್ರೋಲ್ ಸ್ಕೂಟರಿಗೆ ತೆರಿಗೆ 18,000 ರೂ. ಇದಕ್ಕೆ ಜಮೆ ಸಿಗದ ಕಾರಣ ಅದನ್ನು ಬೆಲೆಗೆ ಸೇರಿಸಿ 1,18,000 ರೂ.ಗಳನ್ನು ಆಸ್ತಿಯೆಂದು ಬರೆದು, ಶೇ. 15ರಂತೆ ಮೊದಲ ವರ್ಷ 17,700 ರೂ. ಸವಕಳಿ ತೆಗೆಯಬಹುದು. ಅದೇ ಬೆಲೆಯ ವಿದ್ಯುತ್ ಸ್ಕೂಟರಿನ ಆಸ್ತಿ ಮೌಲ್ಯ 1,05,000 ರೂ. 1962ರ ಆದಾಯ ತೆರಿಗೆ ನಿಯಮಗಳ ಸವಕಳಿ ಪಟ್ಟಿಯಲ್ಲಿ ವಿದ್ಯುತ್ ವಾಹನಗಳು ಗಾಳಿಯಂತ್ರ, ಸೌರ ಸಾಧನಗಳ ಸಾಲಿನಲ್ಲಿ ಶೇ. 40ರ ದರಕ್ಕೆ ಸೇರಿದ್ದವು. ಅದರಂತೆ ಮೊದಲ ವರ್ಷದ ಸವಕಳಿ 42,000 ರೂ. ಆಗುತ್ತದೆ. ಎರಡಕ್ಕೂ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಕೆಯಾಗಿದ್ದರೆ ಅರ್ಧ ಮಾತ್ರ. ಅನೇಕ ಸಣ್ಣ ಘಟಕಗಳ ಲೆಕ್ಕಗಳಲ್ಲಿ ವಿದ್ಯುತ್ ಸ್ಕೂಟರು ಸಹ ‘ವಾಹನ, ಶೇ. 15’ ಎಂಬ ಹಳೆಯ ತಲೆಬರಹದ ಅಡಿಯಲ್ಲಿಯೇ ಕುಳಿತಿರುವುದು ವಿಷಾದದ ಸಂಗತಿ. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ 2025ರ ಆದಾಯ ತೆರಿಗೆ ಕಾಯಿದೆ ರಚಿತವಾಗಿರುವುದರಿಂದ, ಆ ನಂತರದ ವರ್ಷಗಳಿಗೆ ಹೊಸ ನಿಯಮಗಳ ಪಟ್ಟಿಯನ್ನೂ ಹೊಸ ಕಲಂ ಸಂಖ್ಯೆಗಳನ್ನೂ ನೋಡಿಕೊಳ್ಳಬೇಕು.

ಹಳೆಯ ಗಾಡಿ ಕೊಳ್ಳುವವರು ಎರಡು ವಿಷಯಗಳನ್ನು ಗಮನಿಸಬೇಕು. ಒಬ್ಬನಿಗೆ ಒಂದೇ ದಿನ 10,000 ರೂ. ಮೀರಿ ನಗದು ಕೊಟ್ಟು ಆಸ್ತಿ ಕೊಂಡರೆ, 2017ರ ಹಣಕಾಸು ಕಾಯಿದೆಯಿಂದ ಬಂದ ನಿಯಮದಂತೆ ಆ ಮೊತ್ತ ಆಸ್ತಿಯ ಬೆಲೆಗೆ ಸೇರುವುದೇ ಇಲ್ಲ. ನಲವತ್ತು ಸಾವಿರ ರೂ. ನಗದು ಎಣಿಸಿ ತಂದ ಸ್ಕೂಟರು ಆದಾಯ ತೆರಿಗೆಯ ಕಣ್ಣಿಗೆ ಬಿಟ್ಟಿ ಬಂದ ಸ್ಕೂಟರು. ಅದಕ್ಕೆ ಸವಕಳಿ ಸೊನ್ನೆ. ಎರಡನೆಯದು ಮಾರುವವರಿಗೆ ಸಂಬಂಧಿಸಿದ್ದು. ಗಾಡಿ ಕೊಟ್ಟು ಹಣ ಪಡೆದು, ಸಹಿ ಮಾಡಿದ ಖಾಲಿ ನಮೂನೆಗಳನ್ನು ಕೊಳ್ಳುವವನ ಕೈಗಿತ್ತು ಮರೆತುಬಿಡುವ ರೂಢಿ ವ್ಯಾಪಕವಾಗಿದೆ. ಸಾರಿಗೆ ಕಛೇರಿಯ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಹೊಣೆಯೂ ಅವರದೇ ಎಂದು ಸರ್ವೋಚ್ಚ ನ್ಯಾಯಾಲಯ 2018ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿದೆ. ಮೂರು ಕೈ ಬದಲಾಯಿಸಿದ ಗಾಡಿಯ ಅಪಘಾತಕ್ಕೆ ಮೊದಲ ಮಾಲೀಕ ನ್ಯಾಯಾಲಯದ ಮೆಟ್ಟಿಲೇರಬೇಕಾಗುತ್ತದೆ.

ಗಾಡಿಯ ಮೇಲೆ ಯಾರು ಕುಳಿತಿದ್ದಾರೆ?

ಕುದುರೆಗೆ ಸ್ವಂತ ಬುದ್ಧಿಯಿತ್ತು. ಸವಾರ ತೂಕಡಿಸಿದರೂ ಅದು ಹಳ್ಳಕ್ಕೆ ಬೀಳುತ್ತಿರಲಿಲ್ಲ. ಮೋಟಾರು ವಾಹನದಲ್ಲಿ ಬುದ್ಧಿಯ ಹೊಣೆ ಸಂಪೂರ್ಣವಾಗಿ ಸವಾರನದು, ಮತ್ತು ಕಾನೂನಿನ ದೃಷ್ಟಿಯಲ್ಲಿ ಅವನಿಗೆ ಕೀಲಿಕೈ ಕೊಟ್ಟ ಮಾಲೀಕನದು. ‘ಹುಡುಗ ಬೇಗ ಹೋಗಿ ಬರಲಿ’ ಎಂದು ಲೈಸೆನ್ಸ್ ಇಲ್ಲದ ಕೆಲಸಗಾರನಿಗೆ ಅಂಗಡಿಯ ಗಾಡಿ ಕೊಡುವ ಅಭ್ಯಾಸಕ್ಕೆ ಕಾಯಿದೆಯ 180ನೆಯ ಕಲಂ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂ. ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಆ ಹುಡುಗ ಹದಿನೆಂಟು ತುಂಬದವನಾದರೆ 2019ರ ತಿದ್ದುಪಡಿಯಿಂದ ಬಂದ 199-ಎ ಕಲಂ ಪ್ರಕಾರ ಮಾಲೀಕನಿಗೆ ಮೂರು ವರ್ಷಗಳವರೆಗೆ ಸೆರೆ, 25,000 ರೂ. ದಂಡ, ಮತ್ತು ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು.

ದಂಡಕ್ಕಿಂತ ಭಾರವಾದುದು ಪರಿಹಾರ. ಮೂರನೆಯ ವ್ಯಕ್ತಿಯ ವಿಮೆ ಇದ್ದರೆ ಎಲ್ಲವನ್ನೂ ವಿಮಾ ಕಂಪನಿ ನೋಡಿಕೊಳ್ಳುತ್ತದೆ ಎಂಬ ನಂಬಿಕೆ ಅರ್ಧ ಸತ್ಯ. ಚಾಲಕನಿಗೆ ಸಮರ್ಪಕ ಲೈಸೆನ್ಸ್ ಇಲ್ಲದಿದ್ದು, ಅದರಲ್ಲಿ ಮಾಲೀಕನ ಅಲಕ್ಷ್ಯವಿತ್ತೆಂದು ಕಂಡುಬಂದರೆ, ಗಾಯಾಳುವಿಗೆ ವಿಮಾ ಕಂಪನಿ ಮೊದಲು ಹಣ ಕೊಟ್ಟು ಅನಂತರ ಮಾಲೀಕನಿಂದ ವಸೂಲು ಮಾಡಿಕೊಳ್ಳಬಹುದೆಂಬ ಮಾರ್ಗವನ್ನು ಸರ್ವೋಚ್ಚ ನ್ಯಾಯಾಲಯ 2004ರಲ್ಲಿ ದೃಢಪಡಿಸಿತು. ಗಾಯಾಳುವಿಗೆ ನ್ಯಾಯ ಸಿಕ್ಕಿತು. ಆದರೆ ಕಂಪನಿಯ ವಸೂಲಿ ನೋಟೀಸು ಬರುವುದು ವರ್ತಕನ ಮನೆಬಾಗಿಲಿಗೆ. ಈ ವಿಷಯದಲ್ಲಿ ಒಂದು ನೆಮ್ಮದಿಯೂ ಇದೆ. 2024ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು, ಲಘು ಮೋಟಾರು ವಾಹನದ ಲೈಸೆನ್ಸ್ ಉಳ್ಳವರು 7,500 ಕಿಲೋ ಮೀರದ ಸಾರಿಗೆ ವಾಹನವನ್ನು ಪ್ರತ್ಯೇಕ ಅನುಮೋದನೆ ಇಲ್ಲದೆ ಓಡಿಸಬಹುದೆಂದು ಹೇಳಿತು. ಸಣ್ಣ ಸರಕು ಗಾಡಿಗಳನ್ನು ಇಟ್ಟುಕೊಂಡ ಸಾವಿರಾರು ಘಟಕಗಳ ತಲೆಯ ಮೇಲಿನ ಕತ್ತಿ ಇದರಿಂದ ಸರಿಯಿತು.

ಸರಕು ಗಾಡಿಯ ಹಿಂಭಾಗದಲ್ಲಿ ಜನರನ್ನು ಕೂರಿಸುವ ಪದ್ಧತಿಗೆ ಮಾತ್ರ ಇಂತಹ ನೆಮ್ಮದಿ ಇಲ್ಲ. ಪಾಳಿ ಮುಗಿದ ಮೇಲೆ ನಾಲ್ಕು ಜನ ಕೆಲಸಗಾರರನ್ನು ಸುಂಕದಕಟ್ಟೆಯವರೆಗೆ ಬಿಟ್ಟುಬರುವಂತೆ ಗಾಡಿಯವನಿಗೆ ಹೇಳುವುದು ಮಾಲೀಕನ ಒಳ್ಳೆಯತನವೇ ಇರಬಹುದು. ಆದರೆ ಸರಕಿನ ಗಾಡಿಯಲ್ಲಿ ಪುಕ್ಕಟೆಯಾಗಿ ಪ್ರಯಾಣಿಸಿದವರ ಪರಿಹಾರಕ್ಕೆ ವಿಮಾ ಕಂಪನಿ ಹೊಣೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2002ರ ಡಿಸೆಂಬರಿನಲ್ಲೇ ತೀರ್ಪು ನೀಡಿದೆ. ಸರಕಿನ ಮಾಲೀಕ ಅಥವಾ ಅವನ ಅಧಿಕೃತ ಪ್ರತಿನಿಧಿ ಸರಕಿನ ಜೊತೆಗೆ ಕುಳಿತಿದ್ದರೆ ಮಾತು ಬೇರೆ. ಒಂದು ಅಪಘಾತದಲ್ಲಿ ನಾಲ್ಕು ಕುಟುಂಬಗಳಿಗೆ ಕೊಡಬೇಕಾದ ಪರಿಹಾರ ಬಾಡಿಗೆ ಷೆಡ್ಡಿನಲ್ಲಿ ನಡೆಯುವ ಘಟಕದ ಶಕ್ತಿಗೆ ಮೀರಿದ್ದು.

ಕೆಲಸಗಾರ ತನ್ನದೇ ಗಾಡಿಯಲ್ಲಿ ಮನೆಯಿಂದ ಬರುವಾಗ ಬಿದ್ದರೆ? 2010ರಲ್ಲಿ ಇ.ಎಸ್.ಐ. ಕಾಯಿದೆಗೆ ಸೇರಿದ 51-ಇ ಕಲಂ, ಮನೆ ಮತ್ತು ಕೆಲಸದ ಸ್ಥಳದ ನಡುವಿನ ಪ್ರಯಾಣದ ಅಪಘಾತವನ್ನು, ಕೆಲಸಕ್ಕೂ ಅದಕ್ಕೂ ಸಂಬಂಧವಿರುವುದು ಸಿದ್ಧವಾದಲ್ಲಿ, ಕೆಲಸದಲ್ಲಿ ಆದ ಅಪಘಾತವೆಂದೇ ಪರಿಗಣಿಸಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಇದೇ ತತ್ತ್ವವನ್ನು ಇ.ಎಸ್.ಐ. ವ್ಯಾಪ್ತಿಗೆ ಬಾರದ ಕೆಲಸಗಾರರ ಪರಿಹಾರಕ್ಕೂ ವಿಸ್ತರಿಸಿದೆ. ಇ.ಎಸ್.ಐ. ವಂತಿಗೆಯನ್ನು ಸಕಾಲದಲ್ಲಿ ಕಟ್ಟಿದ ಘಟಕದ ಕೆಲಸಗಾರನಿಗೆ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯ ಬಾಗಿಲು ತೆರೆದಿರುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಕೆಲಸಗಾರನ ಖರ್ಚು ಮಾಲೀಕನ ಜೇಬಿಗೆ ಬರುತ್ತದೆ.

ಈ ನಡುವೆ ಪಶ್ಚಿಮ ಬೆಂಗಳೂರಿನ ಸವಾರಿ ಮತ್ತೊಮ್ಮೆ ಬದಲಾಗುತ್ತಿದೆ. 2014ರ ಮಾರ್ಚ್ 1ರಂದು ಸಂಪಿಗೆ ರಸ್ತೆಯಿಂದ ರಾಜಾಜಿನಗರದ ಮೂಲಕ ಪೀಣ್ಯಕ್ಕೆ, 2015ರ ನವೆಂಬರಿನಲ್ಲಿ ಮಾಗಡಿ ರಸ್ತೆಯಿಂದ ವಿಜಯನಗರದ ಮೂಲಕ ಮೈಸೂರು ರಸ್ತೆಗೆ, 2021ರ ಆಗಸ್ಟಿನಲ್ಲಿ ಕೆಂಗೇರಿಗೆ, 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟಕ್ಕೆ ಮೆಟ್ರೋ ಬಂದಿತು. 2023ರ ಜೂನ್ 11ರಿಂದ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಾಗಿ, ಮೈಸೂರು ರಸ್ತೆಯ ಸಿದ್ಧ ಉಡುಪು ಘಟಕಗಳ ಕೆಲಸಗಾರ್ತಿಯರ ತಿಂಗಳ ಖರ್ಚು ಕಡಿಮೆಯಾಯಿತು. ಆದರೆ ನಿಲ್ದಾಣದಿಂದ ಕಾರ್ಖಾನೆಯ ಗೇಟಿನವರೆಗಿನ ಕೊನೆಯ ಎರಡು ಕಿಲೋಮೀಟರ್, ಜಟಕಾದ ಕಾಲದಲ್ಲಿ ಇದ್ದಂತೆಯೇ, ಪ್ರತ್ಯೇಕ ಸವಾರಿಯನ್ನು ಬೇಡುತ್ತದೆ.

ಆ ಜಾಗಕ್ಕೆ, ಮತ್ತು ಹತ್ತಿರದ ಸರಕು ವಿತರಣೆಗೆ, ವಿದ್ಯುತ್ ಸೈಕಲ್ ಹಾಗೂ ನಿಧಾನಗತಿಯ ವಿದ್ಯುತ್ ಸ್ಕೂಟರುಗಳನ್ನು ಕೊಳ್ಳುವ ಘಟಕಗಳು ಹೆಚ್ಚುತ್ತಿವೆ. ಕೇಂದ್ರ ಮೋಟಾರು ವಾಹನ ನಿಯಮಗಳ 2(ಯು) ಪ್ರಕಾರ ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರದೆ ಇದ್ದರೆ ಅಂತಹ ವಾಹನವನ್ನು ಮೋಟಾರು ವಾಹನವೆಂದು ಪರಿಗಣಿಸುವುದಿಲ್ಲ. ಅದಕ್ಕೆ ನೋಂದಣಿಯೂ ಲೈಸೆನ್ಸೂ ಬೇಡ. ಮೇಲೆ ಹೇಳಿದ ಮೂರನೆಯ ಒಂದು ಕುದುರೆ ಇದೇ. ಆದರೆ ಈ ವಿನಾಯಿತಿ ಅಂಗಡಿಯವನ ಬಾಯಿಮಾತಿನಿಂದ ಸಿಗುವುದಲ್ಲ. ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರ ಆ ಮಾದರಿಗೆ ಇರಬೇಕು. ವೇಗದ ಮಿತಿಯನ್ನು ಕೊಂಡ ಮೇಲೆ ತೆಗೆಸಿ ನಲವತ್ತರಲ್ಲಿ ಓಡಿಸಿದರೆ ಅದೇ ಗಾಡಿ ನೋಂದಣಿ, ವಿಮೆ, ಲೈಸೆನ್ಸ್ ಯಾವುದೂ ಇಲ್ಲದ ಮೋಟಾರು ವಾಹನವಾಗುತ್ತದೆ. ಕೊಳ್ಳುವ ದಿನವೇ ಪ್ರಮಾಣಪತ್ರದ ಪ್ರತಿಯನ್ನು ಪಡೆದು ಬಿಲ್ಲಿನ ಜೊತೆ ಕಡತದಲ್ಲಿಡಬೇಕು. ಮಾದರಿಯ ಹೆಸರು ಮತ್ತು ಚಾಸಿ ಸಂಖ್ಯೆ ಎರಡರಲ್ಲೂ ಹೊಂದಿಕೆಯಾಗುತ್ತವೆಯೇ ಎಂದು ಹಣ ಕೊಡುವ ಮೊದಲೇ ನೋಡಬೇಕು.